ನಾವಿಕ್‌ನ ಗಡಿಯಾರಗಳ ಲೆಕ್ಕ ಕೇಳಿ: ಮೈಸೂರು–ಕೊಡಗು ಸಂಸದರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಲೋಕಸಭಾ ಸದಸ್ಯರು,
ಮೈಸೂರು–ಕೊಡಗು ಕ್ಷೇತ್ರ

ಪ್ರತಿ: ಮಾನ್ಯ ಲೋಕಸಭಾ ಸದಸ್ಯರು, ಮಂಡ್ಯ ಕ್ಷೇತ್ರ

ವಿಷಯ: ನಾವಿಕ್ ಉಪಗ್ರಹಗಳ ಸ್ಥಿತಿಗತಿಯನ್ನು ತಿಂಗಳು ತಿಂಗಳು ಪ್ರಕಟಿಸುವಂತೆ ಬಾಹ್ಯಾಕಾಶ ಇಲಾಖೆಯನ್ನು ಒತ್ತಾಯಿಸುವ ಬಗ್ಗೆ

ಮಾನ್ಯರೇ,

ಭೂಮಾಪನ, ವಾಹನ ಟ್ರ್ಯಾಕಿಂಗ್, ಮೊಬೈಲ್ ಟವರ್ ನಿರ್ವಹಣೆ, ಈ ಮೂರು ಕಸುಬುಗಳಲ್ಲಿ ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ದುಡಿಯುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಮೂರೂ ಕಸುಬಿಗೆ ಆಧಾರ ಆಕಾಶದಿಂದ ಬರುವ ಸಮಯದ ಸಿಗ್ನಲ್. ನಮ್ಮ ಬೇಡಿಕೆ ಒಂದೇ: ಜಿಪಿಎಸ್‌ನಂತೆ ಸ್ಥಾನ ಮತ್ತು ಸಮಯ ತಿಳಿಸುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಯಾವ ಉಪಗ್ರಹದಲ್ಲಿ ಎಷ್ಟು ಪರಮಾಣು ಗಡಿಯಾರ ನಡೆಯುತ್ತಿವೆ ಎಂಬುದನ್ನು ಸರ್ಕಾರ ಯಾರೂ ಕೇಳದೆಯೇ ಪ್ರಕಟಿಸಬೇಕು. ಮಂಡ್ಯದ ಸದಸ್ಯರು ಕೇಂದ್ರ ಸಚಿವರಾಗಿರುವುದರಿಂದ ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಪತ್ರ ನಿಮಗೆ, ಪ್ರತಿ ಅವರಿಗೆ.

ಏಳು ಉಪಗ್ರಹಗಳ ಈ ಯೋಜನೆಗೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ ಮಂಜೂರಾದದ್ದು 1,420 ಕೋಟಿ ರೂಪಾಯಿ. ಮೊದಲ ಉಪಗ್ರಹ 1ಎ ಹಾರಿದ್ದು 2013ರ ಜುಲೈ 1ರಂದು, ಏಳನೆಯದು 1ಜಿ 2016ರ ಏಪ್ರಿಲ್ 28ರಂದು. ಒಂದೊಂದರ ವಿನ್ಯಾಸದ ಆಯಸ್ಸು ಹತ್ತು ವರ್ಷ. ಆಮೇಲಿನ ಸ್ಥಿತಿ ಏನು? 2025ರ ಜುಲೈನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಅಲ್ಲಿಯವರೆಗೆ ಹಾರಿಸಿದ್ದು ಹನ್ನೊಂದು. ಅದರಲ್ಲಿ ಸ್ಥಾನ ಮತ್ತು ಸಮಯ ತಿಳಿಸುವ ಕೆಲಸಕ್ಕೆ ಆಗ ಒದಗುತ್ತಿದ್ದದ್ದು ನಾಲ್ಕು. ಇನ್ನು ನಾಲ್ಕು ಏಕಮುಖ ಸಂದೇಶ ಪ್ರಸಾರಕ್ಕೆ ಬಳಕೆಯಾಗುತ್ತಿದ್ದವು, ಒಂದನ್ನು ಸೇವೆಯಿಂದ ತೆಗೆಯಲಾಗಿತ್ತು, ಎರಡು ಗೊತ್ತುಪಡಿಸಿದ ಕಕ್ಷೆಯನ್ನೇ ಮುಟ್ಟಲಿಲ್ಲ. ಆ ಎರಡರಲ್ಲಿ ಒಂದು 2017ರ ಆಗಸ್ಟ್ 31ರಂದು ಉಷ್ಣ ಕವಚ ಬಿಚ್ಚಿಕೊಳ್ಳದೆ ಹೋದ 1ಎಚ್. ಇನ್ನೊಂದು 2025ರ ಜನವರಿ 29ರಂದು ಹಾರಿದ, ಎರಡನೆಯ ತಲೆಮಾರಿನ ಎನ್‌ವಿಎಸ್–02. ರಾಕೆಟ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಉಪಗ್ರಹದ ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ಕವಾಟ ತೆರೆದುಕೊಳ್ಳಲಿಲ್ಲ.

ನಾಲ್ಕಿದ್ದರೆ ಸಾಲದೇ ಎಂದು ಅಧಿಕಾರಿಗಳು ನಿಮ್ಮನ್ನು ಕೇಳಬಹುದು. ಪಠ್ಯಪುಸ್ತಕದ ಲೆಕ್ಕಕ್ಕೆ ಸಾಕು. ರಿಸೀವರ್ ಕಂಡುಹಿಡಿಯಬೇಕಾದದ್ದೂ ನಾಲ್ಕೇ: ಅಕ್ಷಾಂಶ, ರೇಖಾಂಶ, ಎತ್ತರ, ಮತ್ತು ತನ್ನದೇ ಅಗ್ಗದ ಗಡಿಯಾರದ ತಪ್ಪು. ಆದರೆ ನಾಲ್ಕರಲ್ಲಿ ಒಂದು ಸುಳ್ಳು ಹೇಳಿದರೆ ಅದನ್ನು ಪತ್ತೆ ಹಚ್ಚಲು ಐದನೆಯದು ಬೇಕು. ಸುಳ್ಳು ಹೇಳಿದ್ದು ಯಾವುದು ಎಂದು ಗುರುತಿಸಿ ಬಿಟ್ಟುಹಾಕಲು ಆರನೆಯದು ಬೇಕು.

ಅದಕ್ಕಿಂತ ದೊಡ್ಡ ತೊಡಕು ಅವು ಇರುವ ಜಾಗ. ಮೂಲ ಯೋಜನೆಯಲ್ಲಿ ಮೂರು ಉಪಗ್ರಹಗಳು ಸಮಭಾಜಕದ ಮೇಲೆ 32.5, 83 ಮತ್ತು ಸುಮಾರು 130 ಡಿಗ್ರಿ ಪೂರ್ವ ರೇಖಾಂಶಗಳಲ್ಲಿ ನಿಲ್ಲಬೇಕಿತ್ತು. ಉಳಿದ ನಾಲ್ಕು 55 ಮತ್ತು 111.75 ಡಿಗ್ರಿಗಳಲ್ಲಿ ಎರಡೆರಡರಂತೆ, 29 ಡಿಗ್ರಿ ವಾಲಿಕೊಂಡು ಉತ್ತರ–ದಕ್ಷಿಣವಾಗಿ ಎಂಟರ ಆಕಾರದಲ್ಲಿ ಸುತ್ತಬೇಕಿತ್ತು. ಆ ಉತ್ತರದ ಹೊತ್ತಿಗೆ ಕೆಲಸದಲ್ಲಿದ್ದ ನಾಲ್ಕು ಯಾವುವೆಂದರೆ 32.5ರಲ್ಲಿ 1ಎಫ್, 55ರಲ್ಲಿ 1ಬಿ ಮತ್ತು 1ಐ, 129.5ರಲ್ಲಿ ಎನ್‌ವಿಎಸ್–01. ನಮ್ಮ ನೆತ್ತಿಗೆ ಹತ್ತಿರವಿರುವ 83ರಲ್ಲಿ ಸ್ಥಾನ ತಿಳಿಸುವ ಉಪಗ್ರಹವೇ ಇರಲಿಲ್ಲ. 111.75ರಲ್ಲೂ ಇರಲಿಲ್ಲ. ಎನ್‌ವಿಎಸ್–02 ಹೋಗಬೇಕಿದ್ದದ್ದು ಅಲ್ಲಿಗೇ.

ಮೈಸೂರಿನಲ್ಲಿ ನಿಂತು ನೋಡಿದರೆ ಆ ನಾಲ್ಕರಲ್ಲಿ ಮೂರು ಪಶ್ಚಿಮಕ್ಕೆ, ಪೂರ್ವಕ್ಕೆ ಒಂದೇ. ಆ ಒಂದು ದಿಗಂತದಿಂದ ಸುಮಾರು 28 ಡಿಗ್ರಿ ಮೇಲಿದೆ, ಅಷ್ಟೆ. ಮದ್ದೂರಿನ ತೆಂಗಿನ ತೋಟ, ದೇವರಾಜ ಅರಸು ರಸ್ತೆಯ ಕಟ್ಟಡಗಳ ಸಾಲು, ಮಡಿಕೇರಿಯ ಯಾವುದಾದರೂ ಗುಡ್ಡದ ಮಗ್ಗುಲು, ಇವುಗಳಲ್ಲಿ ಯಾವುದು ಬೇಕಾದರೂ ಅದನ್ನು ಮರೆಮಾಡಬಲ್ಲದು. ಮರೆಯಾದರೆ ಉಳಿಯುವುದು ಮೂರು. ಬರೀ ನಾವಿಕ್ ನಂಬಿದ ರಿಸೀವರಿಗೆ ಸ್ಥಾನವೇ ಸಿಗುವುದಿಲ್ಲ. ಬಯಲಲ್ಲೂ ಇನ್ನೊಂದು ಪೇಚಿದೆ. 55 ಡಿಗ್ರಿಯ ಜೋಡಿಯಲ್ಲಿ ಒಂದು ಉತ್ತರಕ್ಕೆ ಹೋದಾಗ ಇನ್ನೊಂದು ದಕ್ಷಿಣಕ್ಕಿರುತ್ತದೆ, ಅದು ಒಳ್ಳೆಯ ಹಂಚಿಕೆಯೇ. ಆದರೆ ದಿನಕ್ಕೆ ಎರಡು ಸಲ ಎರಡೂ ಸಮಭಾಜಕ ದಾಟುತ್ತವೆ. ಆಗ ಆಕಾಶದಲ್ಲಿ ಅವು ಹತ್ತಿರ ಹತ್ತಿರ ಬಂದು, ನಾಲ್ಕೂ ಒಂದೇ ಸಾಲಿನಲ್ಲಿ ನಿಂತಂತಾಗುತ್ತವೆ. ಉಪಗ್ರಹಗಳು ಹೀಗೆ ಸಾಲಾದ ಹೊತ್ತಿನಲ್ಲಿ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಉತ್ತರ–ದಕ್ಷಿಣ ದಿಕ್ಕಿನ ತಪ್ಪು ಹಲವು ಪಟ್ಟು ಹಿಗ್ಗುತ್ತದೆ. 20 ಮೀಟರಿಗಿಂತ ಉತ್ತಮ ನಿಖರತೆ ಎಂಬ ಅಧಿಕೃತ ಭರವಸೆ ಏಳೂ ಉಪಗ್ರಹ ಇರುವ ಕಾಲಕ್ಕೆ ಹೇಳಿದ್ದು.

ಇಷ್ಟಾದರೂ ಯಾರೂ ದೂರು ಕೊಡುತ್ತಿಲ್ಲವಲ್ಲ? ಕಾರಣ ಸರಳ. ಟ್ಯಾಕ್ಸಿ, ಬಸ್ಸುಗಳಿಗೆ ಹಾಕಿಸುವ ಎಐಎಸ್–140 ಎಂಬ ಟ್ರ್ಯಾಕಿಂಗ್ ಡಬ್ಬಿಯೊಳಗಿನ ಚಿಪ್ ನಾವಿಕ್ ಜೊತೆಗೆ ಅಮೆರಿಕದ ಜಿಪಿಎಸ್ ಅನ್ನೂ ಹಿಡಿಯುತ್ತದೆ. ನಾವಿಕ್ ಕೈಕೊಟ್ಟರೆ ಅದು ಸದ್ದಿಲ್ಲದೆ ಜಿಪಿಎಸ್ ಮೇಲೆ ನಡೆಯುತ್ತದೆ, ನಕ್ಷೆಯ ಮೇಲೆ ಬಸ್ಸು ಎಂದಿನಂತೆ ಓಡುತ್ತದೆ. ಜಿಪಿಎಸ್ ಜೊತೆ ಸೇರಿದಾಗ ಈ ನಾಲ್ಕೂ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊರಗಿನವರು ಸಿಗ್ನಲ್ ನಿಲ್ಲಿಸಿದರೂ ನಮ್ಮದು ನಡೆಯಬೇಕು ಎಂಬುದಕ್ಕೇ ಅಲ್ಲವೇ ಈ ಯೋಜನೆ ಹುಟ್ಟಿದ್ದು? ಬೇಕಿದ್ದರೆ ವಾಹನಗಳ ಯೋಗ್ಯತಾ ಪತ್ರಕ್ಕೆ (ಎಫ್‌ಸಿ) ತಪಾಸಣೆ ನಡೆಯುವ ಮೈದಾನದಲ್ಲೇ ಪರೀಕ್ಷಿಸಬಹುದು. ವಾಹನವನ್ನು ಬಯಲಲ್ಲಿ ನಿಲ್ಲಿಸಿ, ಚಿಪ್‌ನ ಸೆಟ್ಟಿಂಗಿನಲ್ಲಿ ಬೇರೆ ವ್ಯವಸ್ಥೆಗಳನ್ನೆಲ್ಲ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಚಿಪ್ ಬರೆದಿಟ್ಟ ದಾಖಲೆ, ಅಂದರೆ ಲಾಗ್ ನೋಡಬೇಕು. ‘ಜಿಐ’ ಎಂದು ಶುರುವಾಗುವ ಸಾಲುಗಳು ನಾವಿಕ್‌ನವು, ‘ಜಿಪಿ’ ಎಂದಿರುವವು ಜಿಪಿಎಸ್‌ನವು. ಬರೀ ‘ಜಿಐ’ ಸಾಲುಗಳಿಂದ ಸ್ಥಾನ ಬಂತೇ, ಬಂದರೆ ಎಷ್ಟು ಹೊತ್ತು ನಿಂತಿತು? ಇಷ್ಟು ನೋಡಿದರೆ ಸಾಕು, ಕಾಗದದ ಪ್ರಮಾಣಪತ್ರ ಬೇಕಿಲ್ಲ.

ಇನ್ನು ಗಡಿಯಾರದ ಮಾತು. ಬೆಳಕು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ಪ್ರತಿ ಉಪಗ್ರಹದಲ್ಲೂ ರುಬಿಡಿಯಂ ಗಡಿಯಾರ. ಒಂದು ಸಣ್ಣ ದೀಪ ರುಬಿಡಿಯಂ ಆವಿ ತುಂಬಿದ ಗಾಜಿನ ಕೋಶದ ಮೂಲಕ ಬೆಳಕು ಹಾಯಿಸುತ್ತದೆ. ರುಬಿಡಿಯಂ ಪರಮಾಣುಗಳ 6.8 ಗಿಗಾಹರ್ಟ್ಜ್ ಕಂಪನಕ್ಕೆ, ಗಡಿಯಾರದ ಮಿಡಿತ ಕೊಡುವ ಕ್ವಾರ್ಟ್ಜ್ ಹರಳು ಸರಿಹೊಂದಿದಾಗ ಆ ಬೆಳಕು ತುಸು ಕುಂದುತ್ತದೆ. ಆ ಕುಂದನ್ನೇ ಗುರುತಾಗಿಟ್ಟುಕೊಂಡು ಎಲೆಕ್ಟ್ರಾನಿಕ್ಸ್ ಕ್ವಾರ್ಟ್ಜ್ ಅನ್ನು ತಿದ್ದುತ್ತ ಇರುತ್ತದೆ. ದೀಪ ಮಂಕಾದರೆ, ಕೋಶದ ಉಷ್ಣತೆ ಹೆಚ್ಚುಕಡಿಮೆಯಾದರೆ, ವಿದ್ಯುತ್ ಭಾಗ ಶಾರ್ಟ್ ಆದರೆ ಗಡಿಯಾರ ಮುಗಿಯಿತು. ಉಪಗ್ರಹದ ಉಳಿದೆಲ್ಲ ಅಂಗಗಳೂ ಗಟ್ಟಿಯಾಗಿರುತ್ತವೆ. ಗಡಿಯಾರ ಕೆಟ್ಟ ಉಪಗ್ರಹ ಸಂದೇಶ ಪ್ರಸಾರಕ್ಕೆ ಒದಗುವುದು ಹೀಗೆ.

ಮೊದಲ ಉಪಗ್ರಹಗಳಲ್ಲಿ ಒಂದೊಂದಕ್ಕೆ ಮೂರು ಗಡಿಯಾರ ಇಟ್ಟಿದ್ದರು. ಮೂರೂ ಸ್ವಿಟ್ಜರ್ಲೆಂಡಿನ ಒಂದೇ ಕಂಪನಿಯಿಂದ ಬಂದವು. 1ಎ ಉಪಗ್ರಹದ ಮೂರೂ ನಿಂತುಹೋದವು. ಒಂದೇ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಮೂರು ಪಂಪ್‌ಸೆಟ್ ಹಾಕಿಕೊಂಡು, ಒಂದು ನಿಂತರೆ ಇನ್ನೆರಡಿವೆ ಎಂದು ಧೈರ್ಯವಾಗಿ ಮಲಗಿದಂತಾಯಿತು ಇದು. ಅದೇ ಕಂಪನಿಯ ಗಡಿಯಾರ ಬಳಸಿದ್ದ ಯುರೋಪಿನ ಗೆಲಿಲಿಯೋದಲ್ಲೂ ತೊಂದರೆ ಬಂತು. ಆದರೆ 2017ರ ಜನವರಿಯಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರೇ ಪತ್ರಕರ್ತರ ಮುಂದೆ ಎಷ್ಟು ಗಡಿಯಾರ ಕೆಟ್ಟಿವೆ ಎಂದು ಎಣಿಸಿ ಹೇಳಿದರು. ನಮ್ಮಲ್ಲಿ ಈ ಲೆಕ್ಕ ಹೆಚ್ಚಾಗಿ ಹೊರಬಿದ್ದಿರುವುದು ಸದನದಲ್ಲಿ ಪ್ರಶ್ನೆ ಬಂದಾಗ, ಇಲ್ಲವೇ ಯಾರಾದರೂ ಮಾಹಿತಿ ಹಕ್ಕಿನ ಅರ್ಜಿ ಹಾಕಿದಾಗ. 2023ರ ಮೇ 29ರಂದು ಹಾರಿದ ಎನ್‌ವಿಎಸ್–01ರಲ್ಲಿ ಅಹಮದಾಬಾದಿನಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರವಿದೆ. ಅದು ಹೆಮ್ಮೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಹಾಗಿದ್ದ ಮೇಲೆ ಅದು ಹೇಗೆ ನಡೆಯುತ್ತಿದೆ ಎಂದು ತೋರಿಸುವುದಕ್ಕೆ ಹಿಂಜರಿಕೆ ಏಕೆ?

ಉಪಗ್ರಹಕ್ಕೆ ವಯಸ್ಸಾಗುವುದು ಯಾರ ತಪ್ಪೂ ಅಲ್ಲ. ಏಳೂವರೆ ವರ್ಷಕ್ಕೆಂದು ಮಾಡಿದ ಜಿಪಿಎಸ್ ಉಪಗ್ರಹಗಳು ಇಪ್ಪತ್ತು ವರ್ಷ ದಾಟಿಯೂ ದುಡಿದಿವೆ. ಆದರೆ ಅಲ್ಲಿ 24 ಬೇಕಾದ ಕಡೆ ಸುಮಾರು 30 ಇರುತ್ತವೆ. ಸಂಖ್ಯೆ 24ಕ್ಕಿಂತ ಕೆಳಗಿಳಿಯುವ ಅಪಾಯವಿದೆ ಎಂದು 2009ರಲ್ಲಿ ಎಚ್ಚರಿಸಿದ್ದು ಅಮೆರಿಕ ಸಂಸತ್ತಿನದೇ ಲೆಕ್ಕಪರಿಶೋಧನಾ ಸಂಸ್ಥೆ, ಅದೂ ಬಹಿರಂಗ ವರದಿಯಲ್ಲಿ. ಯಾವ ಜಿಪಿಎಸ್ ಉಪಗ್ರಹ ಯಾವಾಗ ಸೇವೆಯಿಂದ ಹೊರಗಿರುತ್ತದೆ ಎಂಬ ಪ್ರಕಟಣೆ ಯಾರು ಬೇಕಾದರೂ ಓದುವಂತೆ ಇರುತ್ತದೆ. ನಮ್ಮ ಸರ್ವೆಯರುಗಳು ಕೆಲಸದ ಹೊತ್ತು ಗೊತ್ತುಮಾಡಿಕೊಳ್ಳಲು ಅದನ್ನೇ ನೋಡುತ್ತಾರೆ. ಇಲ್ಲಿ 1ಬಿ ಉಪಗ್ರಹದ ಹತ್ತು ವರ್ಷ 2024ರ ಏಪ್ರಿಲ್‌ಗೇ ಮುಗಿದಿದೆ. 1ಎಫ್‌ನದು 2026ರ ಮಾರ್ಚ್ 10ರವರೆಗಿನದು. ಎನ್‌ವಿಎಸ್–03 ಅನ್ನು 2025ರ ಕೊನೆಯೊಳಗೆ, ಆಮೇಲೆ ಆರಾರು ತಿಂಗಳಿಗೊಂದರಂತೆ 04 ಮತ್ತು 05 ಹಾರಿಸುವುದಾಗಿ ಸದನಕ್ಕೆ ತಿಳಿಸಿದ್ದರು. 2025 ಮುಗಿಯಿತು, 03 ಹಾರಲಿಲ್ಲ.

ಸ್ಥಾನಕ್ಕಿಂತ ಸಮಯದ ಕಡೆ ನಿಮ್ಮ ಗಮನ ಹೆಚ್ಚು ಬೇಕು. ಹೆಚ್ಚಿನ 5ಜಿ ಟವರುಗಳು ಕಳಿಸುವುದೂ ಕೇಳುವುದೂ ಒಂದೇ ತರಂಗಾಂತರದಲ್ಲಿ, ಸರದಿಯ ಮೇಲೆ. ಅಕ್ಕಪಕ್ಕದ ಟವರುಗಳ ಸರದಿ ಬದಲಾಗುವ ಕ್ಷಣ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಭಾಗದೊಳಗೆ ಹೊಂದಿಕೊಳ್ಳಬೇಕು. ತಪ್ಪಿದರೆ ಒಂದು ಟವರಿನ ಕೂಗು ಇನ್ನೊಂದರ ಕಿವಿಗೆ ಬಡಿದು, ಫೋನಿನಲ್ಲಿ ಕಡ್ಡಿ ತುಂಬ ಕಂಡರೂ ಕರೆ ಹೋಗುವುದಿಲ್ಲ. ಆಕಾಶದ ಸಮಯ ನಿಂತರೆ ಟವರಿನ ಕ್ವಾರ್ಟ್ಜ್ ತಡೆಯುವುದು ಕೆಲವು ಗಂಟೆ ಮಾತ್ರ. 2016ರ ಜನವರಿ 26ರಂದು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ಭೂಕೇಂದ್ರದಿಂದ ತಪ್ಪು ಅಂಕಿ ಹೋಗಿ, ಪ್ರಸಾರವಾದ ಸಮಯ 13 ಮೈಕ್ರೊಸೆಕೆಂಡ್ ತಪ್ಪಿತು. ನಕ್ಷೆಗಳಿಗೆ ಏನೂ ಆಗಲಿಲ್ಲ, ಆದರೆ ದೂರಸಂಪರ್ಕದ ಉಪಕರಣಗಳು ದೇಶ ದೇಶಗಳಲ್ಲಿ ಗಂಟೆಗಟ್ಟಲೆ ಎಚ್ಚರಿಕೆ ಬಾರಿಸಿದವು. ವಿದ್ಯುತ್ ಸ್ಟೇಷನ್ನುಗಳಲ್ಲಿ ದೋಷ ಎಲ್ಲಾಯಿತು ಎಂದು ಹುಡುಕುವ ಉಪಕರಣಗಳಿಗೂ ಇದೇ ಸಮಯ ಬೇಕು. ಇವೆಲ್ಲ ಯಾವ ವ್ಯವಸ್ಥೆಯಿಂದ ಸಮಯ ತೆಗೆದುಕೊಳ್ಳುತ್ತಿವೆ, ಒಂದು ನಿಂತರೆ ಎರಡನೆಯದು ಯಾವುದು? ಈ ಪಟ್ಟಿಯನ್ನು ಜಿಲ್ಲಾ ಮಟ್ಟದಲ್ಲೇ ತರಿಸಬಹುದು.

ಭೂಮಾಪನ ರಾಜ್ಯದ ವಿಷಯ ನಿಜ. ಆದರೆ ಭೂದಾಖಲೆ ಆಧುನೀಕರಣಕ್ಕೆ ಕೇಂದ್ರದ ಹಣವಿದೆ, ಅದನ್ನು ನೋಡುವ ದಿಶಾ ಸಮಿತಿಗೆ ಸಂಸದರೇ ಅಧ್ಯಕ್ಷರು. ದಿಶಾಂಕ್ ಆ್ಯಪ್ ಸರ್ವೆ ನಂಬರ್ ತೋರಿಸುತ್ತದೆ, ಆದರೆ ಫೋನಿನ ತಪ್ಪು ಐದಾರು ಮೀಟರ್ ಇರಬಹುದು. ಅದನ್ನು ಹಿಡಿದುಕೊಂಡು ಬದು ಕೀಳುವವರಿದ್ದಾರೆ. ಹದ್ದುಬಸ್ತಿಗೆ ಬೇಕಾದದ್ದು ರೋವರ್, ಅಂದರೆ ಉಪಗ್ರಹಗಳ ಸಿಗ್ನಲ್ ಹಿಡಿದು ನಿಖರವಾಗಿ ಅಳೆಯುವ ಸರ್ವೆ ಉಪಕರಣ. ಅದೂ ಲೆಕ್ಕ ಗಟ್ಟಿಯಾಗಿ ‘ಫಿಕ್ಸ್’ ಬಂದಾಗ ಎರಡು ಮೂರು ಸೆಂಟಿಮೀಟರ್ ನಿಖರ, ಮರದಡಿ ಲೆಕ್ಕ ಇನ್ನೂ ತೇಲಾಡುವ ‘ಫ್ಲೋಟ್’ನಲ್ಲೇ ಗುರುತು ಒತ್ತಿದರೆ ಅರ್ಧ ಮೀಟರ್ ಆಚೀಚೆ. ನಕ್ಷೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪ್ರತಿ ಬಾಂದುಕಲ್ಲಿನ ಗುರುತಿನ ಜೊತೆ ಫಿಕ್ಸೋ ಫ್ಲೋಟೋ, ಎಷ್ಟು ಉಪಗ್ರಹ, ಯಾವ ವ್ಯವಸ್ಥೆಯವು, ಎಷ್ಟು ಹೊತ್ತಿಗೆ ಎಂಬುದು ದಾಖಲಾಗಬೇಕು. ಒಂದು ಗಂಟೆ ಬಿಟ್ಟು ಅದೇ ಕಲ್ಲನ್ನು ಮತ್ತೆ ಅಳೆದಾಗ ಐದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಗುರುತನ್ನು ಒಪ್ಪಬಾರದು.

ವಿಮಾನಗಳಿಗೆಂದು ಇರುವ ಗಗನ್ ವ್ಯವಸ್ಥೆಯ ಬಗ್ಗೆಯೂ ಒಂದು ಮಾತು: ಅದು ತಿದ್ದುವುದು ಜಿಪಿಎಸ್ ಸಿಗ್ನಲನ್ನು. ಅದನ್ನು ಹೊತ್ತ ಜಿಸ್ಯಾಟ್–8 ಹಾರಿದ್ದು 2011ರಲ್ಲಿ. ಬದಲಿ ಯಾವಾಗ ಎಂಬುದನ್ನೂ ಇದೇ ಪ್ರಶ್ನೆಗೆ ಸೇರಿಸಬಹುದು.

ಪ್ರಶ್ನೆ ಹೇಗಿರಬೇಕು ಎಂಬುದು ಮುಖ್ಯ. ‘ನಾವಿಕ್ ಸೇವೆ ಲಭ್ಯವಿದೆಯೇ’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬಂದು ಮುಗಿಯುತ್ತದೆ. ಉಪಗ್ರಹವಾರು ಕೇಳಿ: ಹಾರಿಸಿದ ದಿನ, ವಿನ್ಯಾಸದ ಆಯಸ್ಸು, ಇಟ್ಟ ಗಡಿಯಾರ ಎಷ್ಟು, ಇಂದು ನಡೆಯುತ್ತಿರುವುದು ಎಷ್ಟು, ಉಳಿದ ಇಂಧನ ಎಷ್ಟು ತಿಂಗಳಿಗೆ. ಕಳೆದ ಹನ್ನೆರಡು ತಿಂಗಳಲ್ಲಿ ಬರೀ ನಾವಿಕ್‌ನಿಂದ 20 ಮೀಟರಿನೊಳಗೆ ಸ್ಥಾನ ಸಿಕ್ಕ ಅವಧಿ ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ಮೈಸೂರು, ದೆಹಲಿ, ಗುವಾಹಟಿ ಮೂರು ಊರುಗಳಿಗೆ ಬೇರೆ ಬೇರೆಯಾಗಿ ಕೇಳಿ. ಸೇವೆ ನಿಂತ ದಿನಗಳ ಪಟ್ಟಿ, ಎನ್‌ವಿಎಸ್–03ರ ಹೊಸ ದಿನಾಂಕ, ತಡವಾದರೆ ಅದಕ್ಕೆ ಉತ್ತರದಾಯಿ ಯಾರು ಎಂಬುದನ್ನೂ ಕೇಳಿ. ಸೇನೆಗೆ ಮೀಸಲಾದ ಸಿಗ್ನಲ್ ಬಗ್ಗೆ ಒಂದಕ್ಷರವೂ ಬೇಡ. ದೇಶದ ಭದ್ರತೆಯ ಹೆಸರಿನಲ್ಲಿ ಉತ್ತರ ತಪ್ಪಿಸಿಕೊಳ್ಳಲು ದಾರಿ ಕೊಡಬಾರದು.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ನೀವು ಮೇಲುಪ್ರಶ್ನೆ ಕೇಳಬಹುದು. ಅದಕ್ಕೆ ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು.  ಪ್ರಶ್ನೆಯ ಕರಡು, ಮೈಸೂರಿನಿಂದ ನಾಲ್ಕೂ ಉಪಗ್ರಹಗಳು ದಿನದ ಯಾವ ಹೊತ್ತಿಗೆ ಎಲ್ಲಿ ಕಾಣುತ್ತವೆ ಎಂಬ ಪಟ್ಟಿ, ಲಾಗ್ ಓದುವ ವಿಧಾನ, ಈ ಮೂರನ್ನೂ ನಿಮ್ಮ ಕಚೇರಿಗೋ ನೀವು ಹೇಳಿದಲ್ಲಿಗೋ ತಂದುಕೊಡುತ್ತೇವೆ.

ಇಂತಿ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಭೂಮಾಪಕರು, ವಾಹನ ಟ್ರ್ಯಾಕಿಂಗ್ ಹಾಗೂ ದೂರಸಂಪರ್ಕ ತಂತ್ರಜ್ಞರು