ಬೀಗದ ಕೈ ಯಾರ ಬಳಿ ಇದೆ? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ಮಕ್ಕಳ ಶಾಲೆ ಸುರಕ್ಷಿತವೇ ಎಂದು ಕೇಳಿದ ಪೋಷಕರಿಗೆ ಸಿಗುವ ಉತ್ತರ ತಪಾಸಣೆಯ ಪ್ರಮಾಣಪತ್ರ. ಚಿಕಾಗೊದ ಅವರ್ ಲೇಡಿ ಆಫ್ ದಿ ಏಂಜೆಲ್ಸ್ ಶಾಲೆಯೂ 1958ರಲ್ಲಿ ಅಗ್ನಿ ತಪಾಸಣೆಯಲ್ಲಿ ತೇರ್ಗಡೆಯಾಗಿತ್ತು. ಕೆಲವೇ ವಾರಗಳ ನಂತರ, ಡಿಸೆಂಬರ್ 1ರಂದು, ಮೆಟ್ಟಿಲ ಬುಡದಲ್ಲಿದ್ದ ಕಸದ ಪೀಪಾಯಿಗೆ ಬೆಂಕಿ ಹತ್ತಿತು. ಮರದ ಮೆಟ್ಟಿಲುಗಳನ್ನು ಹಿಡಿದು ಮೇಲೇರಿತು. 92 ಮಕ್ಕಳು, ಅವರಿಗೆ ಕಲಿಸುತ್ತಿದ್ದ ಮೂವರು ಸನ್ಯಾಸಿನಿಯರು ಬಲಿಯಾದರು. ಬೆಂಕಿ ನಂದಿಸುವ ಸಿಲಿಂಡರ್‌ಗಳು ಅಲ್ಲಿದ್ದವು, ಆದರೆ ನೆಲದಿಂದ ಏಳು ಅಡಿ ಎತ್ತರದಲ್ಲಿ. ಗಂಟೆ ಇತ್ತು, ಅಗ್ನಿಶಾಮಕ ಠಾಣೆಗೆ ಅದರ ಸಂಪರ್ಕವಿರಲಿಲ್ಲ. ಕಟ್ಟಡ ಹಳೆಯದೆಂದು ಹೊಸ ನಿಯಮಗಳಿಂದ ವಿನಾಯಿತಿ ಕೊಡಲಾಗಿತ್ತು. ಈ ವಿನಾಯಿತಿ ಎಂಬ ಮಾತೇ ನನಗೆ ಸಂಕಟ ತರುತ್ತದೆ. ಹಳೆಯ ಕಟ್ಟಡಕ್ಕಲ್ಲವೇ ಹೆಚ್ಚು ಕಾಳಜಿ ಬೇಕಾದದ್ದು?

ನಮ್ಮ ದೇಶದಲ್ಲಿ 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಕಿಡಿ ಸೋಗೆಯ ಮಾಡಿಗೆ ತಗುಲಿ 94 ಮಕ್ಕಳು ಸುಟ್ಟುಹೋದರು. ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಶಿಕ್ಷಣದ ಹಕ್ಕಿನೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು.

ಹಕ್ಕು ಉಳಿಯುವುದು ದಿನದ ದುರಸ್ತಿಯಿಂದ. ಹೊಸ ಕೊಠಡಿಗೆ ಅನುದಾನ ಹೇಗೋ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ. ತುಕ್ಕು ಹಿಡಿದ ಚಿಲಕ, ಉದುರುವ ಗಾರೆ, ತೆರೆದುಕೊಂಡ ವಿದ್ಯುತ್ ತಂತಿ ಇವುಗಳಿಗೆ ಮುಖ್ಯೋಪಾಧ್ಯಾಯರು ಯಾವ ಹಣ ತರಬೇಕು? ನಿರ್ವಹಣೆಗೆಂದೇ ಪ್ರತ್ಯೇಕ ಅನುದಾನ ಕೊಡಿ. ಬೇರೆ ಯಾವುದಕ್ಕೂ ಅದನ್ನು ತಿರುಗಿಸದಂತೆ ಆದೇಶ ಮಾಡಿ. ತುರ್ತು ಬಾಗಿಲು ಹೊರಮುಖವಾಗಿ ತೆರೆಯಬೇಕು. ಶಾಲೆ ನಡೆಯುವಷ್ಟು ಹೊತ್ತು ಅದಕ್ಕೆ ಬೀಗ ಬೀಳಬಾರದು. ಕಳ್ಳರ ಭಯಕ್ಕೆ ಬೀಗ ಹಾಕುತ್ತಾರೆ, ನಿಜ. ಆದರೆ ಹಗಲಿನಲ್ಲಿ ಒಳಗಿರುವುದು ಮಕ್ಕಳು.

ಶಾಲೆಯ ನಕ್ಷೆ ಬರೆಯುವ ಮುನ್ನ ಮಕ್ಕಳನ್ನೂ, ಕಸ ಗುಡಿಸುವ ಸಿಬ್ಬಂದಿಯನ್ನೂ ಕೇಳಿಸಿ. ಯಾವ ಗೋಡೆ ಮಳೆಗೆ ಒದ್ದೆಯಾಗುತ್ತದೆ, ಶೌಚಾಲಯದ ಹಿಂದಿನ ಯಾವ ಮೂಲೆಗೆ ಒಬ್ಬರೇ ಹೋಗಲು ಹೆದರಿಕೆ, ಯಾವ ದೊಡ್ಡವರ ಬಳಿ ನಿಲ್ಲಲು ಮನಸ್ಸಿಲ್ಲ ಎಂಬುದು ಮಕ್ಕಳಿಗೆ ತಿಳಿದಿರುತ್ತದೆ. ಅದನ್ನು ಹೇಳಿದ ಮಗುವಿಗೆ ಗದರಿಕೆ ಸಿಗದಂತೆ ನೋಡಿಕೊಳ್ಳುವುದೂ ನಿಮ್ಮ ಹೊಣೆ.

ಒಂದು ಕೋರಿಕೆ. ಮುನ್ಸೂಚನೆ ಕೊಡದೆ ಒಂದು ಶಾಲೆಗೆ ಹೋಗಿ ಅಪಾಯದ ಗಂಟೆ ಬಾರಿಸಲು ಹೇಳಿ. ಗಡಿಯಾರ ಹಿಡಿದು ಹೊರಗೆ ನಿಲ್ಲಿ. ಕೊನೆಯ ಮಗು ಅಂಗಳಕ್ಕೆ ಬರಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ನಮಗೆಲ್ಲ ತಿಳಿಸಿ.

ಇತಿ,
ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ