ರೆಕ್ಕೆ ಉದ್ದ ಮಾಡುವ ಮುಂಚೆ ಇದನ್ನು ಓದು

ಲೇ ದೋಸ್ತ,

ನೀನು ಮನೆಯಲ್ಲೇ ಕಟ್ಟಬೇಕೆಂದಿರುವ ಪುಟ್ಟ ವಿಮಾನದ ಡ್ರಾಯಿಂಗ್ ನೋಡಿದೆ. 8 ಮೀಟರ್ ರೆಕ್ಕೆಯನ್ನು 10 ಮೀಟರ್ ಮಾಡಬೇಕು, ಆದರೂ ಸ್ಟಿಕ್ ಸರಿಸಿದ ಕೂಡಲೇ ವಿಮಾನ ಪಟ್ಟನೆ ವಾಲಬೇಕು ಅಂತೀಯ. ಎರಡೂ ಒಟ್ಟಿಗೆ ಸಿಗೋದಿಲ್ಲಪ್ಪಾ.

ದೊಡ್ಡ ರೆಕ್ಕೆ ಯಾಕೆ ಬೇಕು ಅಂತ ಗೊತ್ತು. ನಮ್ಮ ಬಳ್ಳಾರಿ ಸಮುದ್ರಮಟ್ಟದಿಂದ ಬರೀ 485 ಮೀಟರ್‌ನಷ್ಟು ಮೇಲಿದೆ. ಆದರೆ ಮೇ ತಿಂಗಳಲ್ಲಿ 42 ಡಿಗ್ರಿ ಏರಿದಾಗ ಗಾಳಿ ತೆಳುವಾಗಿ, ರೆಕ್ಕೆಗೂ ಎಂಜಿನ್‌ಗೂ 1,500 ಮೀಟರ್‌ಗಿಂತ ಮೇಲೆ ಹಾರುತ್ತಿರುವ ಲೆಕ್ಕ. ಏರೋದಕ್ಕೆ ಉದ್ದ ರೆಕ್ಕೆ ಒಳ್ಳೆಯದೇ. ವಾಲೋದಕ್ಕೆ ಅಲ್ಲ.

ವಿಮಾನ ವಾಲುವಾಗ ಕೆಳಗಿಳಿಯುವ ರೆಕ್ಕೆಗೆ ಗಾಳಿ ಕೆಳಗಿನಿಂದ ಬಂದು ತಡೆಯುತ್ತದೆ, ತುದಿಯಲ್ಲಂತೂ ಈ ತಡೆ ಜಾಸ್ತಿ. ಅದಕ್ಕೇ ಅದೇ ವೇಗ, ಅದೇ ಆಕಾರ, ಅದೇ ಪ್ರಮಾಣದ ಏಲರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಇದ್ದರೂ 8 ಮೀಟರ್ 10 ಆದರೆ ರೋಲ್ ವೇಗ, ಅಂದರೆ ವಾಲುವ ವೇಗ, ಐದರಲ್ಲೊಂದು ಪಾಲು ಬಿದ್ದುಹೋಗುತ್ತದೆ. ಲ್ಯಾಂಡಿಂಗ್‌ಗೆ ಬರುವಾಗ ವೇಗವೂ ಕಡಿಮೆ, ಆಗ ಇನ್ನೂ ಮಂದ. ಕರ್ಟಿಸ್ ಪಿಟ್ಸ್ ಮಾಡಿದ, ಆಕಾಶದಲ್ಲಿ ಕಸರತ್ತು ಮಾಡುವ ಎಸ್-1 ವಿಮಾನದ ರೆಕ್ಕೆ ತುದಿಯಿಂದ ತುದಿಗೆ 5.3 ಮೀಟರ್ ಅಷ್ಟೇ. ಅದು ಗಿರ್ರನೆ ತಿರುಗೋದು ಸುಮ್ನೆ ಅಲ್ಲ.

ಪೆಟ್ರೋಲ್ ಟ್ಯಾಂಕನ್ನು ರೆಕ್ಕೆ ತುದಿಗೆ ಹಾಕಿದ್ದೀಯಲ್ಲ, ಅದು ಬೇರೆ ತೊಂದರೆ. ಹಗ್ಗದ ಮೇಲೆ ನಡೆಯುವವರು ಉದ್ದ ಕೋಲು ಯಾಕೆ ಹಿಡಿಯುತ್ತಾರೆ, ಬೇಗ ವಾಲಬಾರದು ಅಂತ ತಾನೇ? ನಡುವಿನಿಂದ 1 ಮೀಟರ್ ದೂರದಲ್ಲಿದ್ದ ತೂಕವನ್ನು 4 ಮೀಟರ್‌ಗೆ ಒಯ್ದರೆ ಜಡತ್ವ 16 ಪಟ್ಟು. ಕೊನೆಗೆ ಸಿಗುವ ರೋಲ್ ವೇಗ ಇದರಿಂದ ಬದಲಾಗೋದಿಲ್ಲ, ಶುರುವಾಗೋದು ತಡ, ನಿಲ್ಲೋದೂ ತಡ. ಮಧ್ಯಾಹ್ನ ಕಲ್ಲುಗುಡ್ಡಗಳ ಮೇಲೆ ಬಿಸಿಗಾಳಿ ಎತ್ತಿ ಒಗೆಯುವಾಗ ಆ ತಡ ಬೇಡ. ಟ್ಯಾಂಕ್ ಬುಡದ ಹತ್ತಿರ ತಾ.

ಏಲರಾನ್ ದೊಡ್ಡದು ಮಾಡಿದರಾಯ್ತು ಅನ್ನಬೇಡ. ಸ್ಟಿಕ್ ಭಾರವಾಗುತ್ತದೆ, ಕೆಳಗಿಳಿದ ಏಲರಾನ್ ಎಳೆತಕ್ಕೆ ಮೂತಿ ಉಲ್ಟಾ ಕಡೆ ತಿರುಗುತ್ತದೆ. ಮೇಲೇಳುವ ಕೋನ ಜಾಸ್ತಿ, ಇಳಿಯುವ ಕೋನ ಕಡಿಮೆ ಇಟ್ಟರೆ ಇದು ತಗ್ಗುತ್ತದೆ, ಪೂರ್ತಿ ಹೋಗೋದಿಲ್ಲ, ಮೂತಿ ನೇರ ಮಾಡಲು ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್‌ಗೆ ಕಾಲು ಹಾಕಲೇಬೇಕು. ಮತ್ತೆ ಏಲರಾನ್ ಹಿಂಜ್‌ನ ಮುಂದೆ ತೂಕ ಕೊಟ್ಟು ಸಮ ಮಾಡದಿದ್ದರೆ ವೇಗದಲ್ಲಿ ಫ್ಲಟರ್, ಅಂದರೆ ತಾನಾಗೇ ಹೆಚ್ಚುವ ನಡುಕ, ಶುರುವಾಗಿ ರೆಕ್ಕೆಯೇ ಕಿತ್ತುಕೊಂಡು ಹೋದೀತು. ಇದರಲ್ಲಿ ಮಾತ್ರ ಅಂದಾಜು ಬೇಡ.

ತುದಿ ಚೂಪು ಮಾಡುವ ಆಸೆಯನ್ನೂ ಬಿಡು. ನೋಡಲು ಚೆಂದ, ರೋಲ್‌ಗೂ ಅನುಕೂಲವೇ, ಆದರೆ ತುದಿ ಮೊದಲು ಸ್ಟಾಲ್ ಆದರೆ, ಅಂದರೆ ಗಾಳಿಯ ಹಿಡಿತ ತಪ್ಪಿ ಎತ್ತುವ ಬಲ ಬಿದ್ದುಹೋದರೆ, ಏಲರಾನ್ ಇದ್ದೂ ಇಲ್ಲದಂತೆ. ವಾನ್‌ಗ್ರನ್ಸ್‌ವೆನ್ ಅವರ ಆರ್‌ವಿ-4 ವಿಮಾನ ನೋಡು, ಬುಡದಿಂದ ತುದಿವರೆಗೂ ಒಂದೇ ಅಗಲ, ಮನೆಯಲ್ಲಿ ಕಟ್ಟೋದಕ್ಕೂ ಸಲೀಸು.

ನಾನಾದರೆ 8 ಮೀಟರೇ ಇಟ್ಟು, ಅಗಲ ಸ್ವಲ್ಪ ಹೆಚ್ಚಿಸಿ, ತೂಕ ಇಳಿಸಿ, ಬೇಸಿಗೆಯಲ್ಲಿ ಬೆಳಿಗ್ಗೆಯೇ ಹಾರಿಬಿಡುತ್ತೇನೆ. ಅದಕ್ಕೂ ಮುಂಚೆ ಸ್ಟಿಕ್‌ನಿಂದ ಏಲರಾನ್‌ವರೆಗಿನ ಲಿಂಕೇಜ್‌ನಲ್ಲಿ ಸಡಿಲ ಎಷ್ಟಿದೆ, ಏಲರಾನ್‌ಗೂ ರೆಕ್ಕೆಗೂ ನಡುವೆ ಸಂದು ಎಷ್ಟಿದೆ, ಅಳೆದು ಕಳಿಸು. ಆ ಸಂದಿಗೆ ಸೀಲ್ ಹಾಕಿದರೇ ಸ್ವಲ್ಪ ಚುರುಕಾಗಬಹುದು.