ಲ್ಯೂಬೆಕ್‌ನ ಆ ತಾಯಿಗೆ ಧನ್ಯವಾದ

ಜರ್ಮನಿಯ ಲ್ಯೂಬೆಕ್ ನಗರದ ಸಂತ ಮೇರಿ ಚರ್ಚಿನಲ್ಲಿ ಆರ್ಗನ್ ಕಛೇರಿ ಶುರುವಾಗುವ ಹೊತ್ತಿಗೆ ಅಮ್ಮ ಚಳಿಗೆ ಗಡಗಡ ನಡುಗತೊಡಗಿದಳು. ಎದ್ದು ಹೋಗೋಣವೆಂದರೆ ಮಂಡಿ ಹಿಡಿದುಕೊಂಡಿತ್ತು. ನಾನು ಕಂಗಾಲಾದೆ. ಕಾರ್ಯಕ್ರಮದ ಹಾಳೆ ಹಂಚುತ್ತಿದ್ದ ಹಿರಿಯ ಮಹಿಳೆಯೊಬ್ಬರು ನೋಡಿದ್ದೇ ತಡ, ಕಂಬಳಿ ತಂದು ಅಮ್ಮನ ಮೊಣಕಾಲಿಗೆ ಸುತ್ತಿದರು. ತಮ್ಮ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿಕೊಟ್ಟು ಪಕ್ಕದಲ್ಲೇ ಕುಳಿತರು.

ಸಂಗೀತ ರಚನಕಾರ ಬುಕ್ಸ್ಟೆಹೂಡ 1668ರಿಂದ 1707ರಲ್ಲಿ ತೀರಿಕೊಳ್ಳುವವರೆಗೂ ಇದೇ ಚರ್ಚಿನ ಆರ್ಗನ್ ವಾದಕರಾಗಿದ್ದರು. ಅವರನ್ನು ಕೇಳಲೆಂದೇ 1705ರಲ್ಲಿ ಇಪ್ಪತ್ತರ ಹರೆಯದ ಸಂಗೀತಗಾರ ಬಾಖ್ ಜರ್ಮನಿಯದೇ ಇನ್ನೊಂದು ಊರಾದ ಆರ್ನ್‌ಸ್ಟಾಟ್‌ನಿಂದ ಇಲ್ಲಿಗೆ ಬಂದಿದ್ದರು. ನಾವು ಹೋದ ದಿನ ನುಡಿಸಿದ್ದು ಬುಕ್ಸ್ಟೆಹೂಡರ ಡಿ ಮೈನರ್ ಶ್ರೇಣಿಯ ಪಾಸಕಾಲ್ಯ, ಅಂದರೆ ಒಂದೇ ಸ್ವರಸಾಲು ಮತ್ತೆ ಮತ್ತೆ ಮರಳುವ ಕೃತಿ. ಕಾಲಿನಿಂದ ಒತ್ತುವ ಪೆಡಲ್‌ನಲ್ಲಿ ಪುಟ್ಟದೊಂದು ಸ್ವರಸಾಲು 28 ಸಲ ಬರುತ್ತದೆ. ಅದರ ಮೇಲೆ ಪ್ರತಿ ಸಲವೂ ಹೊಸ ಹೆಣಿಗೆ. ಆ ಸಾಲು ಮರಳಿದಾಗಲೆಲ್ಲ ಆ ಹಿರಿಯ ಮಹಿಳೆ ಅಮ್ಮನ ಅಂಗೈ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಜರ್ಮನ್ ಬಾರದ, ಆದರೆ ಭಜನೆಗೆ ತಾಳ ಹಾಕಿ ಪಳಗಿದ ಅಮ್ಮ ಸ್ವಲ್ಪ ಹೊತ್ತಿಗೆ ತಾನೇ ತಟ್ಟತೊಡಗಿದಳು. ನನಗೆ ಹೋದ ಜೀವ ಬಂದಂತಾಯಿತು.

ಮುಗಿದ ಮೇಲೆ ಅವರೇ ಟ್ಯಾಕ್ಸಿ ತರಿಸಿ, ಚಾಲಕನಿಗೆ ನಮ್ಮ ಹೋಟೆಲಿನ ದಾರಿ ಬಿಡಿಸಿ ಹೇಳಿದರು. ಹೆಸರು ಕೇಳಿದರೆ ನಕ್ಕು ಕೈ ಬೀಸಿದರು.

ತಾಯೀ, ನಿಮಗೆ ನಮ್ಮಿಬ್ಬರ ಮನಸಾರೆ ಧನ್ಯವಾದ. ಅಮ್ಮ ಈಗ ಆರಾಮವಾಗಿದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ಆ ಪಾಸಕಾಲ್ಯ ಹಾಕು ಎನ್ನುತ್ತಾಳೆ.